ಎದೆಯುರಿಗೆ ಮಿರ್ಚಿಯೊಂದೇ ಕಾರಣವಲ್ಲ: ಆಯುರ್ವೇದ ಕಂಡ ಆಮ್ಲಪಿತ್ತ

ಹುಳಿತೇಗು, ಎದೆಯುರಿ, ಗಂಟಲಿಗೆ ಬರುವ ಕಹಿನೀರು. ಹರಿಹರ, ಗುತ್ತೂರು, ದಾವಣಗೆರೆಯ ಕಡೆ ಇವು ಕಾಣಿಸಿಕೊಂಡರೆ ಮೊದಲ ದೂರು ಮಂಡಕ್ಕಿ-ಮಿರ್ಚಿಯ ಮೇಲೆ. ಆಯುರ್ವೇದ ಈ ತೊಂದರೆಯನ್ನು ಆಮ್ಲಪಿತ್ತ ಎನ್ನುತ್ತದೆ. ಖಾರ, ಹುಳಿ, ಕರಿದದ್ದನ್ನು ಅದೂ ದೂರುತ್ತದೆ. ಆದರೆ ಉಣ್ಣುವ ಹೊತ್ತು, ನಿದ್ದೆ, ಮನಸ್ಸಿನ ನೆಮ್ಮದಿಯನ್ನು ಲೆಕ್ಕಕ್ಕೆ ಹಿಡಿಯದೆ ರೋಗದ ಕಾರಣ ಹೇಳುವುದಿಲ್ಲ.

ಗ್ರಂಥಗಳಲ್ಲಿ ಆಮ್ಲಪಿತ್ತ

ಚರಕ, ಸುಶ್ರುತ ಸಂಹಿತೆಗಳಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ. ವಿವರವಾಗಿ ಹೇಳಿದ್ದು ಕಾಶ್ಯಪ ಸಂಹಿತೆ ಮತ್ತು ಮಾಧವ ನಿದಾನ. ವಾಂತಿ, ಹುಳಿತೇಗಾಗಿ ಮೇಲಕ್ಕೆ ಬರುವುದು ಊರ್ಧ್ವಗ. ಭೇದಿಯಾಗಿ ಕೆಳಕ್ಕೆ ಹೋಗುವುದು ಅಧೋಗ. ಜಠರಾಗ್ನಿ ಮಂದವಾದಾಗ ಉಂಡದ್ದು ಅರಗದೆ ಹುಳಿಯುತ್ತದೆ, ಪಿತ್ತ ಕೆಡುತ್ತದೆ. ತೊಳೆಯದ ಮೊಸರಿನ ಗಡಿಗೆಗೆ ಹಾಕಿದ ಹಾಲು ಒಡೆಯುವಂತೆ, ಆಮೇಲೆ ತಿಂದದ್ದೂ ಹುಳಿಯಾಗುತ್ತದೆ ಎನ್ನುವುದು ಕಾಶ್ಯಪ ಸಂಹಿತೆಯ ವಿವರಣೆ.

ದಿನಚರಿಯ ತಪ್ಪುಗಳು

ಕಾಶ್ಯಪ ಸಂಹಿತೆಯ ಕಾರಣಗಳ ಪಟ್ಟಿಯಲ್ಲಿ ಹುರುಳಿ, ಅವಲಕ್ಕಿ, ಹುರಿದ ಧಾನ್ಯ, ತಂಗಳು ಇವೆ. ಜೊತೆಗೆ ಮೊದಲು ತಿಂದದ್ದು ಅರಗುವ ಮುನ್ನ ಮತ್ತೆ ತಿನ್ನುವುದು, ಉಂಡೊಡನೆ ಹಗಲು ಮಲಗುವುದು, ಮಲಮೂತ್ರದ ಒತ್ತಡ ತಡೆಯುವುದೂ ಸೇರಿವೆ. ಅಂದರೆ ಸಂಜೆಯ ಮಂಡಕ್ಕಿಗಿಂತ, ಅದರ ಬೆನ್ನಿಗೇ ಬರುವ ರಾತ್ರಿಯೂಟ ಹೆಚ್ಚು ತೊಂದರೆ ಕೊಡಬಹುದು.

ಚಿಂತೆ ಮತ್ತು ಜೀರ್ಣ

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಒಂದು ಖಚಿತ ಮಾತಿದೆ: ಒಳ್ಳೆಯ ಆಹಾರವನ್ನು ಮಿತವಾಗಿ ಉಂಡರೂ ಚಿಂತೆ, ಶೋಕ, ಭಯ, ಕೋಪ, ಸರಿಯಿಲ್ಲದ ಹಾಸಿಗೆ, ನಿದ್ದೆಗೇಡಿನಿಂದ ಅದು ಅರಗುವುದಿಲ್ಲ. ಇಂದು ‘ಟೆನ್ಷನ್’ ಎನ್ನುವುದೆಲ್ಲ ಈ ಪಟ್ಟಿಯಲ್ಲಿದೆ.

ಗುತ್ತೂರಿನ ಸುತ್ತಲಿನ ಬದುಕಿಗೆ ಇದು ನೇರವಾಗಿ ತಾಗುತ್ತದೆ. ಹರಿಹರಕ್ಕೆ 1941ರ ಮೈಸೂರು ಕಿರ್ಲೋಸ್ಕರ್ ಕಂಪನಿಯ ಕಾಲದಿಂದಲೂ ಕಾರ್ಖಾನೆಯ ದುಡಿಮೆ ಗೊತ್ತು. ತುಂಗಭದ್ರೆಯ ಆಚೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಇಂದಿಗೂ ರಾತ್ರಿ ಪಾಳಿಯಿದೆ. ಭದ್ರಾ ನಾಲೆಯ ಕೊನೆಭಾಗದ ಭತ್ತದ ರೈತನಿಗೆ ನೀರು ಬಂದೀತೇ ಎಂಬ ಚಿಂತೆ. ರಾತ್ರಿ ಕರೆಂಟು ಬಂದಾಗ ಎದ್ದು ಮೋಟಾರು ಹಾಕಿ, ಖಾಲಿ ಹೊಟ್ಟೆಗೆ ಎರಡು ಸಲ ಚಹಾ ಕುಡಿದು, ಬೆಳಿಗ್ಗೆ ತಡವಾಗಿ ಉಂಡು ಮಲಗುವವನಲ್ಲಿ ಗ್ರಂಥ ಹೇಳಿದ ಹಲವು ಕಾರಣಗಳು ಒಟ್ಟಿಗೇ ಸೇರುತ್ತವೆ.

ಆಧುನಿಕ ವೈದ್ಯಶಾಸ್ತ್ರ ಏನನ್ನುತ್ತದೆ?

ಒತ್ತಡ, ನಿದ್ದೆಗೇಡು, ತಡರಾತ್ರಿಯ ಊಟ ಎದೆಯುರಿಯನ್ನು ಹೆಚ್ಚಿಸುತ್ತವೆ ಎಂಬುದನ್ನು ಆಧುನಿಕ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಆದರೆ ಇಂಥದ್ದೇ ಉರಿ ತರುವ ಹೊಟ್ಟೆಹುಣ್ಣಿಗೆ ಮುಖ್ಯ ಕಾರಣಗಳು ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಈ ಬ್ಯಾಕ್ಟೀರಿಯಾದ ಪಾತ್ರ ತೋರಿಸಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಸಿಕ್ಕಿತು. ಹಾಗಾಗಿ ಎಲ್ಲವನ್ನೂ ಚಿಂತೆಯ ತಲೆಗೆ ಕಟ್ಟುವಂತಿಲ್ಲ.

ಪಥ್ಯ ಮತ್ತು ಔಷಧ

ಹೊಟ್ಟೆಯ ಮೂರು ಪಾಲಿನಲ್ಲಿ ಒಂದು ಗಟ್ಟಿ ಆಹಾರಕ್ಕೆ, ಒಂದು ದ್ರವಕ್ಕೆ, ಒಂದು ವಾತ-ಪಿತ್ತ-ಕಫಗಳಿಗೆ ಬಿಡಬೇಕೆಂಬುದು ಚರಕನ ಸೂತ್ರ. ಹೊತ್ತಿಗೆ ಸರಿಯಾದ ಊಟ, ಹೆಸರುಬೇಳೆ, ಹಳೆಯ ಅಕ್ಕಿಯ ಅನ್ನ, ಬೂದುಗುಂಬಳ, ನೆಲ್ಲಿಕಾಯಿ ಪಥ್ಯ. ಮಲಗುವ ಎರಡು-ಮೂರು ಗಂಟೆ ಮೊದಲೇ ಊಟ ಮುಗಿಸುವುದು ಲೇಸು. ವೈದ್ಯರು ಅವಿಪತ್ತಿಕರ ಚೂರ್ಣ, ಸೂತಶೇಖರ ರಸ ಕೊಡುವುದುಂಟು. ಮೊದಲನೆಯದರಲ್ಲಿ ಭೇದಿ ಮಾಡಿಸುವ ತ್ರಿವೃತ್ ಇದೆ, ಎರಡನೆಯದರಲ್ಲಿ ಪಾದರಸವಿದೆ. ಎದೆಯುರಿಗೆ ಬಳಸುವ ಜ್ಯೇಷ್ಠಮಧುವನ್ನು ಬಹುಕಾಲ ತಿಂದರೆ ರಕ್ತದೊತ್ತಡ ಏರಬಹುದು. ಹಾಗಾಗಿ ಇವನ್ನು ಅಂಗಡಿಯಿಂದ ತಾವೇ ತಂದು ನುಂಗಬಾರದು.

ತಡಮಾಡಬಾರದ ಲಕ್ಷಣಗಳು

ಕಪ್ಪು ಮಲ, ರಕ್ತವಾಂತಿ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮನೆಮದ್ದು ಸಾಲದು, ಆಸ್ಪತ್ರೆಗೆ ಹೋಗಬೇಕು. ಎದೆ ಬಿಗಿದು ನೋವು ತೋಳಿಗೋ ದವಡೆಗೋ ಹರಡಿ, ಬೆವರು ಬಂದರೆ ಅದನ್ನು ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರಬೇಡಿ; ಅದು ಹೃದಯಾಘಾತವಿರಬಹುದು, ಕೂಡಲೇ 108ಕ್ಕೆ ಕರೆ ಮಾಡಿ.