ಅನುಕೃತ ಭಾರರಾಹಿತ್ಯ: ಯಕೃತ್ತು ಮತ್ತು ಕರುಳುಗಳ ಪರೀಕ್ಷೆಯ ಇತಿಹಾಸ

ದೇಹದ ಭಾರವು ಲೋಪವಾದರೆ ಒಳಗಿನ ಅಂಗಗಳ ಗತಿಯೇನೆಂಬ ಪ್ರಶ್ನೆಯು ಮನುಷ್ಯನು ಅಂತರಿಕ್ಷಕ್ಕೆ ಏರಿದ ಮೇಲೆ ಹುಟ್ಟಿದುದೆಂದು ಸಾಮಾನ್ಯವಾದ ಭಾವನೆ. ಆದರೆ ಭಾರದ ಪ್ರಭಾವವನ್ನು ಉಪಾಯದಿಂದ ಮರೆಸಿ ಜೀವಿಯ ವರ್ತನೆಯನ್ನು ಪರೀಕ್ಷಿಸುವ ಕ್ರಮವು ಅದಕ್ಕಿಂತ ಬಹು ಹಳೆಯದು. ಇಂಗ್ಲೆಂಡಿನ ಥಾಮಸ್ ಆಂಡ್ರೂ ನೈಟ್ ಎಂಬ ವಿದ್ವಾಂಸನು ನೀರಿನಿಂದ ತಿರುಗುವ ಚಕ್ರಕ್ಕೆ ಬೀಜಗಳನ್ನು ಕಟ್ಟಿ, ಬೇರುಗಳು ಹೊರಮುಖವಾಗಿಯೂ ಮೊಳಕೆಗಳು ಕೇಂದ್ರಾಭಿಮುಖವಾಗಿಯೂ ಬೆಳೆಯುವುದನ್ನು 1806ರಲ್ಲಿ ಪ್ರಕಟಿಸಿದನು. ಆ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಯೂಲಿಯಸ್ ಫಾನ್ ಸಾಕ್ಸನು ಸಸ್ಯಗಳನ್ನು ಮೆಲ್ಲನೆ ತಿರುಗಿಸುವ ಕ್ಲಿನೋಸ್ಟಾಟ್ ಯಂತ್ರವನ್ನು ಬಳಕೆಗೆ ತಂದನು.

ಇಲ್ಲಿ ಭಾರರಾಹಿತ್ಯವೆಂಬ ಶಬ್ದದ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯಕ. ಭೂಮಿಯಿಂದ 400 ಕಿಲೋಮೀಟರು ಎತ್ತರದಲ್ಲಿಯೂ ಗುರುತ್ವವು ನೆಲದಲ್ಲಿರುವುದರ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಉಳಿದಿರುತ್ತದೆ. ನೌಕೆಯೂ ಅದರೊಳಗಿನವರೂ ಒಟ್ಟಾಗಿ ಬೀಳುತ್ತಲೇ ಇರುವುದರಿಂದ ಭಾರವು ಅನುಭವಕ್ಕೆ ಬಾರದು, ಅಷ್ಟೆ.

1961ರ ಏಪ್ರಿಲ್ ತಿಂಗಳಲ್ಲಿ ಗಗಾರಿನನು ನೌಕೆಯಲ್ಲಿ ಆಹಾರವನ್ನು ಸೇವಿಸಿದನು. ಅನ್ನವು ಗಂಟಲಿನಿಂದ ಇಳಿಯುವುದು ತೂಕದಿಂದಲ್ಲ, ಅನ್ನನಾಳದ ಸಂಕೋಚದಿಂದಲೇ ಎಂಬುದು ಇದರಿಂದ ದೃಢವಾಯಿತು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಒಂದು ದಿನಕ್ಕೂ ಮೀರಿ ಪ್ರಯಾಣಮಾಡಿದ ಟಿಟೋವನಿಗೆ ಓಕರಿಕೆಯೂ ವಾಂತಿಯೂ ಉಂಟಾದವು. 1970ರಲ್ಲಿ ಸೋಯುಜ್ 9ರ ಇಬ್ಬರು ಯಾತ್ರಿಕರು 18 ದಿನಗಳ ಬಳಿಕ ಹಿಂದಿರುಗಿದಾಗ ನಡೆಯಲೂ ಬಹಳ ಕಷ್ಟಪಟ್ಟರು. ದೀರ್ಘಯಾತ್ರೆಗೆ ಮುಂಚೆ ನೆಲದ ಮೇಲೆಯೇ ಪರೀಕ್ಷೆ ನಡೆಯಬೇಕೆಂಬ ಅಗತ್ಯವು ಹೀಗೆ ತೀವ್ರವಾಯಿತು.

ಅದಕ್ಕಾಗಿ ಮುಖ್ಯವಾಗಿ ಎರಡು ಉಪಾಯಗಳು ರೂಢಿಗೆ ಬಂದವು. ಒಂದು, ತಲೆಯ ಕಡೆಗೆ 6 ಅಂಶದಷ್ಟು ತಗ್ಗಿಸಿದ ಮಂಚದ ಮೇಲೆ ಆರೋಗ್ಯವಂತರನ್ನು ಬಹುಕಾಲ ಮಲಗಿಸುವುದು. ಮಾಸ್ಕೋವಿನಲ್ಲಿ 1986-87ರಲ್ಲಿ ಇಂತಹ ಶಯನವು 370 ದಿನಗಳವರೆಗೆ ನಡೆಯಿತು. ಮತ್ತೊಂದು, ಬಾಲವನ್ನು ಮೇಲಕ್ಕೆ ಕಟ್ಟಿ ಇಲಿಯ ಹಿಂಗಾಲುಗಳು ನೆಲಕ್ಕೆ ಸೋಕದಂತೆ ಇರಿಸುವುದು. ಇದನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಏಮ್ಸ್ ಸಂಶೋಧನಾಕೇಂದ್ರದ ಎಮಿಲಿ ಮೋರೆ-ಹೋಲ್ಟನ್ ಅವರು ಬೆಳೆಸಿದರು. ಎರಡರಲ್ಲಿಯೂ ಕಾಲಿನ ಕಡೆಯ ದ್ರವವು ಎದೆ ತಲೆಗಳ ಕಡೆಗೆ ಸರಿಯುತ್ತದೆ, ದೇಹಶ್ರಮವು ಕುಗ್ಗುತ್ತದೆ.

ಮೊದಮೊದಲು ವಿದ್ವಾಂಸರ ದೃಷ್ಟಿಯು ಎಲುಬು, ಸ್ನಾಯು, ಹೃದಯಗಳ ಮೇಲೆಯೇ ನೆಟ್ಟಿತ್ತು. ಯಕೃತ್ತು ಕರುಳುಗಳ ಸರದಿಯು ತಡವಾಗಿ ಬಂದಿತು. ಇವೆರಡನ್ನು ಒಟ್ಟಾಗಿಯೇ ವಿಚಾರಿಸಬೇಕು. ಏಕೆಂದರೆ ಕರುಳಿನ ರಕ್ತವು ಹೃದಯವನ್ನು ಸೇರುವ ಮೊದಲು ಯಕೃತ್ತಿನ ಮೂಲಕ ಹಾಯುತ್ತದೆ. ಕರುಳಿನ ಒಳಪೊರೆ ಶಿಥಿಲವಾದರೆ ಅಲ್ಲಿನ ಸೂಕ್ಷ್ಮಜೀವಿಗಳ ವಿಷಾಂಶವು ಮೊದಲು ಮುಟ್ಟುವುದು ಯಕೃತ್ತನ್ನೇ. ತಲೆತಗ್ಗಿನ ಶಯನದಲ್ಲಿ ಆಹಾರವು ಬಾಯಿಯಿಂದ ದೊಡ್ಡಕರುಳಿನ ಆರಂಭಕ್ಕೆ ತಲಪಲು ಹೆಚ್ಚು ಕಾಲ ಹಿಡಿಯುವುದು 1990ರ ದಶಕದ ಪರೀಕ್ಷೆಗಳಲ್ಲಿ ಕಂಡುಬಂದಿತು. ಹಿಂಗಾಲೆತ್ತಿದ ಇಲಿಗಳ ಕರುಳಿನಲ್ಲಿ ಸೂಕ್ಷ್ಮಜೀವಿಗಳ ಪ್ರಮಾಣವು ಬದಲಾಗಿ, ದೊಡ್ಡಕರುಳು ಉರಿಯೂತಕ್ಕೆ ಬೇಗನೆ ಗುರಿಯಾಗುವುದೆಂದು 2017ರಲ್ಲಿ ಪ್ರಕಟವಾಯಿತು.

ನಿಜವಾದ ಯಾತ್ರೆಯ ಸಾಕ್ಷ್ಯವು ಇದಕ್ಕೆ ಒರೆಗಲ್ಲಾಯಿತು. 2011ರಲ್ಲಿ ಅಟ್ಲಾಂಟಿಸ್ ನೌಕೆಯ ಕೊನೆಯ ಯಾತ್ರೆಯಲ್ಲಿ ಸುಮಾರು 13 ದಿನಗಳಿದ್ದ ಇಲಿಗಳ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿದ್ದಿತು. ‘ಎ’ ಜೀವಸತ್ವದ ಸಂಗ್ರಹವು ಕುಗ್ಗಿದ್ದಿತು. ನಾರುಗಟ್ಟುವ ರೋಗದ ಮೊದಲ ಸೂಚನೆಗಳೂ ತೋರಿದವು. ಇದು 2016ರಲ್ಲಿ ಪ್ರಕಟವಾದ ವಿಷಯ. ಹಲವು ಯಾತ್ರೆಗಳ ಇಲಿಗಳನ್ನು ತುಲನೆಮಾಡಿದ 2019ರ ಲೇಖನವೂ ಕೊಬ್ಬಿನ ಪಚನವ್ಯವಸ್ಥೆಯು ಕೆಡುವುದನ್ನೇ ಎತ್ತಿಹಿಡಿಯಿತು. 2015-16ರಲ್ಲಿ 340 ದಿನಗಳು ಮೇಲಿದ್ದ ಸ್ಕಾಟ್ ಕೆಲಿಯ ಕರುಳಿನಲ್ಲಿ ಎರಡು ಪ್ರಧಾನ ಸೂಕ್ಷ್ಮಜೀವಿವರ್ಗಗಳ ಪ್ರಮಾಣವು ವ್ಯತ್ಯಾಸಗೊಂಡು, ಹಿಂದಿರುಗಿದ ಬಳಿಕ ಮೊದಲಿನಂತಾಯಿತು.

ಹಾಗಾದರೆ ಅನುಕೃತಿಯು ಮೂಲಕ್ಕೆ ಸಮಾನವೆ? ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಉಪಮಾನ ಉಪಮೇಯಗಳಿಗೆ ಸಾಧಾರಣಧರ್ಮವಿರಬೇಕು, ಸರ್ವಧರ್ಮಸಾಮ್ಯವು ಬೇಕಿಲ್ಲ. ದ್ರವದ ಸರಿತವೂ ನಿಶ್ಚೇಷ್ಟತೆಯೂ ಇಲ್ಲಿ ಸಾಧಾರಣಧರ್ಮ. ಆದರೆ ಮಂಚದ ಮೇಲಿನವನ ಜೀವಕೋಶಗಳು ಭಾರದಿಂದ ಬಿಡುಗಡೆ ಹೊಂದುವುದಿಲ್ಲ. ಕಟ್ಟಲ್ಪಟ್ಟ ಇಲಿಗೆ ಬಂಧನದ ಕ್ಲೇಶವುಂಟು. ಅತ್ತ ಅಂತರಿಕ್ಷದಲ್ಲಿ ವಿಕಿರಣ, ಉಡ್ಡಯನದ ಆಘಾತ, ಆಹಾರಭೇದಗಳು ಸೇರಿಕೊಳ್ಳುತ್ತವೆ. ಆದಕಾರಣ ಒಂದು ವಿಕಾರವು ಎರಡೆಡೆಯೂ ಕಂಡರೆ ಅದಕ್ಕೆ ದ್ರವಚಲನ ನಿಶ್ಚೇಷ್ಟತೆಗಳನ್ನು ಕಾರಣವೆಂದು ಊಹಿಸಲು ಆಧಾರವುಂಟು. ಅಂತರಿಕ್ಷದಲ್ಲಿ ಮಾತ್ರ ಕಂಡರೆ ಬೇರೆ ಕಾರಣವನ್ನು ಅರಸಬೇಕು. ಈ ವಿವೇಚನೆಯಿಲ್ಲದೆ ದೀರ್ಘಯಾತ್ರೆಯ ಪಥ್ಯವನ್ನಾಗಲಿ ಔಷಧದ ಪ್ರಮಾಣವನ್ನಾಗಲಿ ನಿಶ್ಚಯಿಸುವುದು ಅಪಾಯಕರವು. ನೆಲದ ಮೇಲೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದ ರೋಗಿಗಳ ಶುಶ್ರೂಷೆಗೂ ಇದೇ ವಿವೇಚನೆಯು ಉಪಕಾರಕವಾಗಬಲ್ಲುದು.