ಕೀಲು, ಕಮಾನು, ಕೀಲೆಣ್ಣೆ

ಎತ್ತಿನ ಗಾಡಿಯ ಅಚ್ಚಿಗೆ ಸವರುವ ಜಿಡ್ಡಿಗೆ ನಮ್ಮ ಹಿರಿಯರು ಕೀಲೆಣ್ಣೆ ಎಂದು ಹೆಸರಿಟ್ಟಿದ್ದರು. ಮೋಟಾರು ಬಂದ ಮೇಲೆ ಆ ಜಾಗದಲ್ಲಿ ಗ್ರೀಸು ಎಂಬ ಮಾತು ಬಂದು ಕುಳಿತಿತು. ಪದ ಬದಲಾದುದಕ್ಕೆ ಕನ್ನಡ ಪಂಡಿತನಾದ ನನಗೆ ಹೆಚ್ಚಿನ ದುಃಖವೇನೂ ಇಲ್ಲ. ಆದರೆ ಆ ಜಿಡ್ಡನ್ನು ಹೊತ್ತುಹೊತ್ತಿಗೆ ಹಾಕುವ ವಾಡಿಕೆಯೂ ಪದದ ಹಿಂದೆಯೇ ಹೊರಟುಹೋಗುತ್ತಿರುವುದು ಚಿಂತೆಯ ವಿಷಯ. ಹಳೆಯ ಕಾರನ್ನು ಅಕ್ಕರೆಯಿಂದ ಇಟ್ಟುಕೊಂಡವರು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ, ಬಣ್ಣಕ್ಕೆ ಹಣ ಸುರಿಯುತ್ತಾರೆ. ಗಾಡಿಯನ್ನು ತಿರುಗಿಸುವ ಕೀಲುಗಳೂ ಅದನ್ನು ಹೊರುವ ಕಮಾನುಗಳೂ ಕೆಸರು ಮೆತ್ತಿಕೊಂಡು ಕಣ್ಮರೆಯಾಗಿರುತ್ತವೆ. ಎಂಜಿನ್ನು ಕೆಟ್ಟರೆ ಕಾರು ನಿಲ್ಲುತ್ತದೆ. ಕೀಲು ಕಳಚಿದರೆ ನಿಲ್ಲುವುದಿಲ್ಲ; ಭಯವಿರುವುದು ಅಲ್ಲಿ.

ಈ ಕೀಲುಗಳು ಎಲ್ಲಿಂದ ಬಂದವೆಂಬುದನ್ನು ಮೊದಲು ನೋಡೋಣ. ಎರಡು ಗಾಲಿಯ ಗಾಡಿಗೆ ತಿರುಗುವ ತೊಡಕಿಲ್ಲ. ಎತ್ತು ತಿರುಗಿದತ್ತ ನೊಗ, ನೊಗ ತಿರುಗಿದತ್ತ ಗಾಡಿ. ತೊಡಕು ಹುಟ್ಟುವುದು ನಾಲ್ಕು ಗಾಲಿಗಳಲ್ಲಿ. ನಮ್ಮ ದೇವಸ್ಥಾನದ ತೇರನ್ನೇ ನೋಡಿ. ಅದರ ಅಚ್ಚು ಅತ್ತಿತ್ತ ತಿರುಗುವಂಥದಲ್ಲ. ಗಾಲಿಯ ಅಡಿಗೆ ಮರದ ಬೆಣೆ ಕೊಟ್ಟು ಕೊಟ್ಟು ತೇರನ್ನು ದಾರಿಗೆ ತರುತ್ತಾರೆ. ಯೂರೋಪಿನ ಸಾರೋಟುಗಳಲ್ಲಿ ಮುಂದಿನ ಅಚ್ಚನ್ನು ನಡುವೆ ಒಂದು ಗೂಟದ ಮೇಲೆ ಕೂರಿಸಿ, ಇಡಿಯಾಗಿ ತಿರುಗಿಸುತ್ತಿದ್ದರು. ಹಾಗೆ ಪೂರ್ತಿ ತಿರುಗಿದಾಗ ಗಾಡಿಯ ಆಧಾರ ಕಿರಿದಾಗಿ ಅದು ಮಗುಚಿಕೊಳ್ಳುವುದೂ ಉಂಟು.

ಇದಕ್ಕೆ ಪರಿಹಾರವನ್ನು ಮ್ಯೂನಿಕ್ ನಗರದಲ್ಲಿ ಸಾರೋಟು ಕಟ್ಟುತ್ತಿದ್ದ ಲಾಂಕೆನ್‌ಸ್ಪೆರ್ಗರ್ ಎಂಬವನು 1816ರ ಹೊತ್ತಿಗೆ ಕಂಡುಕೊಂಡನು. ಅಚ್ಚು ನಿಂತಲ್ಲಿಯೇ ನಿಲ್ಲಲಿ, ಅದರ ಎರಡು ತುದಿಗಳಲ್ಲಿ ಒಂದೊಂದು ಕೀಲಿಟ್ಟು ಗಾಲಿಗಳು ಮಾತ್ರ ತಿರುಗಲಿ ಎಂಬುದು ಅವನ ಯುಕ್ತಿ. ಲಂಡನ್ನಿನಲ್ಲಿ ಪುಸ್ತಕ, ಚಿತ್ರಪಟಗಳ ವ್ಯಾಪಾರ ಮಾಡುತ್ತಿದ್ದ ರುಡಾಲ್ಫ್ ಆಕರ್‌ಮನ್ ಅವನ ಪರವಾಗಿ 1818ರಲ್ಲಿ ಅಲ್ಲಿ ಪೇಟೆಂಟು ಪಡೆದನು. ಇಂದು ಪ್ರಪಂಚವೆಲ್ಲ ಅದನ್ನು ಆಕರ್‌ಮನ್ ವಿಧಾನವೆಂದೇ ಕರೆಯುತ್ತದೆ. ಕಾವ್ಯ ಒಬ್ಬನದು, ಹೆಸರು ಓಲೆಯ ಪ್ರತಿ ಮಾಡಿದವನದು ಎಂಬಂತಾಯಿತು! ಇದರ ತತ್ತ್ವ ನಮ್ಮ ಶಾಲೆಯ ಕವಾಯತಿನಲ್ಲಿಯೂ ಕಾಣುತ್ತದೆ. ಸಾಲು ತಿರುಗುವಾಗ ಒಳತುದಿಯ ಹುಡುಗ ಚಿಕ್ಕ ವೃತ್ತದಲ್ಲಿಯೂ ಹೊರತುದಿಯವನು ದೊಡ್ಡ ವೃತ್ತದಲ್ಲಿಯೂ ನಡೆಯಬೇಕು. ಅದರಂತೆಯೇ ಕಾರಿನ ಒಳಗಾಲಿ ಹೊರಗಾಲಿಗಿಂತ ಹೆಚ್ಚು ಓರೆಯಾಗಬೇಕು. ಎರಡೂ ಸಮನಾಗಿ ತಿರುಗಿದರೆ ಟೈರು ನೆಲವನ್ನು ಉಜ್ಜುತ್ತದೆ.

ಇಷ್ಟಿದ್ದರೂ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟು ಪಡೆದ ಮೋಟಾರು ಗಾಡಿಗೆ ಮೂರೇ ಗಾಲಿ. ಎರಡು ಮುಂಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಬಗೆ ಅವನಿಗೆ ತೃಪ್ತಿಯಾಗುವಂತೆ ಒದಗಿದ್ದು 1893ರಲ್ಲಿ. ಕಮಾನಿನ ಕಥೆ ಇದಕ್ಕಿಂತ ಸರಳ. ಕಮಾನೆಂದರೆ ಪಾರಸಿಯಲ್ಲಿ ಬಿಲ್ಲು. ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ, ಒಂದರ ಮೇಲೊಂದಿಟ್ಟು ಕಟ್ಟುವ ಪದ್ಧತಿ 19ನೆಯ ಶತಮಾನದ ಮೊದಲಲ್ಲಿ ಇಂಗ್ಲೆಂಡಿನ ಸಾರೋಟುಗಳಲ್ಲಿ ಹಬ್ಬಿತು. ನಮ್ಮ ಜಟಕಾಗಳಿಗೂ ಅದೇ ಬಂದಿತು, ಲಾರಿಗಳಿಗೂ ಅದೇ ಸಾಕಾಯಿತು.

ನಮ್ಮ ದೇಶದ ರಸ್ತೆಗಳಿಗೆ ನಿಕಟವಾದ ಭಾಗ ಮುಂದಿನದು. 1948ರಲ್ಲಿ ಇಂಗ್ಲೆಂಡಿನ ಮಾರಿಸ್ ಕಂಪೆನಿ ಮೈನರ್ ಎಂಬ ಚಿಕ್ಕ ಕಾರನ್ನು ಹೊರತಂದಿತು. ಅದನ್ನು ರೂಪಿಸಿದವನು ಅಲೆಕ್ ಇಸಿಗೋನಿಸ್. ಮುಂಗಾಲಿಗಳಿಗೆ ಕಮಾನಿನ ಬದಲು ಉದ್ದವಾದ ಉಕ್ಕಿನ ಸರಳು. ಗಾಲಿ ಮೇಲೆದ್ದಾಗ ಆ ಸರಳು ತಿರುಚಿಕೊಂಡು ಹೊಡೆತವನ್ನು ನುಂಗುತ್ತದೆ. ತಿರುಗಿಸುವುದಕ್ಕೆ ಹಲ್ಲಿನ ಪಟ್ಟಿ, ಅದರ ಮೇಲೆ ಹೊರಳುವ ಚಿಕ್ಕ ಹಲ್ಲುಗಾಲಿ. ಹಿಂದೆ ಮಾತ್ರ ಹಳೆಯ ಕಮಾನುಪಟ್ಟಿ. ಇದೇ ಮನೆತನದ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿ ನಮ್ಮಲ್ಲಿ ಅಂಬಾಸಿಡರ್ ಆಯಿತು. 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ಅದು ತಯಾರಾಯಿತು. ಮೈನರ್ ಕೂಡ ಬೇಬಿ ಹಿಂದೂಸ್ಥಾನ್ ಎಂಬ ಹೆಸರಿನಿಂದ ಇಲ್ಲಿ ಓಡಾಡಿದೆ.

ಮೈನರಿನ ಒಂದು ಕೀಲಿನ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಗಾಲಿಯನ್ನು ಹಿಡಿದಿರುವ ನೆಟ್ಟನೆಯ ಕಂಬದ ಮೇಲ್ತುದಿಗೂ ಕೆಳತುದಿಗೂ ತಿರುಪಿನ ಮರೆಗಳಿವೆ. ಅವು ಟ್ರನಿಯನ್ ಎಂಬ ಗೂಡುಗಳಲ್ಲಿ ಕುಳಿತಿರುತ್ತವೆ. ಚಾಲಕ ಚಕ್ರ ತಿರುಗಿಸಿದಾಗಲೆಲ್ಲ ಈ ಮರೆಗಳು ಗೂಡಿನೊಳಗೆ ಹೊರಳುತ್ತವೆ. ಮುಂಭಾಗದ ಭಾರವನ್ನು ತಾಳಿಕೊಳ್ಳುವುದು ಕೆಳಗಿನ ಗೂಡು. ಮೊದಮೊದಲ ಕೈಪಿಡಿಗಳು ಇದಕ್ಕೆ ಸಾವಿರ ಮೈಲಿಗೊಮ್ಮೆ ಗ್ರೀಸು ತುಂಬಲು ಹೇಳುತ್ತಿದ್ದವು. ತುಂಬದೆ ಬಿಟ್ಟರೆ ನೀರು, ಧೂಳು ಸೇರಿ ಮರೆಗಳು ಸವೆಯುತ್ತವೆ. ಸವೆತ ಸದ್ದು ಮಾಡುವುದೆಂಬ ಭರವಸೆಯಿಲ್ಲ. ಒಂದು ದಿನ ಕಂಬ ಗೂಡಿನಿಂದ ಕಿತ್ತುಬಂದು ಗಾಲಿ ಮಡಿಚಿಕೊಂಡು, ಕಾರು ಮೂತಿಯಿಂದ ನೆಲಕ್ಕೆ ಕೂರುತ್ತದೆ. ಗಾಡಿಯನ್ನು ಮೆಲ್ಲಗೆ, ಪೂರ್ತಿ ತಿರುಗಿಸಿ ನಿಲ್ಲಿಸುವ ಹೊತ್ತಿನಲ್ಲಿ ಹೀಗಾಗುವುದೇ ಹೆಚ್ಚೆಂದು ಬಲ್ಲವರು ಹೇಳುತ್ತಾರೆ. ಅದೇ ಹೆದ್ದಾರಿಯಲ್ಲಿ ಆದರೆ ಏನೆಂದು ವಿವರಿಸಬೇಕಾಗಿಲ್ಲ. ಅಷ್ಟು ಚೆನ್ನಾಗಿ ರೂಪಿಸಿದ ಕಾರಿನ ಪ್ರಾಣವನ್ನು ಒಂದು ಚಮಚ ಜಿಡ್ಡಿಗೆ ಕಟ್ಟಿಟ್ಟದ್ದು ಇಸಿಗೋನಿಸನ ಜಾಣತನಕ್ಕೆ ಒಂದು ಕಲೆಯೆಂದೇ ನನ್ನ ಎಣಿಕೆ. ಆದರೆ ಆ ಕಾಲದ ಚಾಲಕನಿಗೆ ಗ್ರೀಸು ಹಾಕುವುದು ಕುದುರೆಗೆ ಹುರುಳಿ ಹಾಕಿದಷ್ಟೇ ಸಹಜವಾಗಿತ್ತು.

ಆ ಸಹಜತೆ ಈಗ ಇಲ್ಲ. ಆಯುಷ್ಯಪೂರ್ತಿ ಮುಚ್ಚಿಟ್ಟ ಗುಂಡುಕೀಲುಗಳು 1960ರ ದಶಕದಿಂದೀಚೆಗೆ ಬರಬರುತ್ತ ಎಲ್ಲ ಕಾರುಗಳಿಗೂ ಬಂದವು. ಅವುಗಳ ಮೇಲೆ ಕೈ ಪಳಗಿದ ಹುಡುಗರು ಅಂಬಾಸಿಡರಿನ ಅಡಿಯಲ್ಲಿ ಗ್ರೀಸಿನ ನಿಪ್ಪಲ್ಲುಗಳು ಎಲ್ಲೆಲ್ಲಿವೆ ಎಂಬುದನ್ನೇ ಅರಿಯರು. ಅದು ಅವರ ತಪ್ಪಲ್ಲ, ಅವರಿಗೆ ತೋರಿಸಿಕೊಟ್ಟವರಿಲ್ಲ.

ಆದ್ದರಿಂದ ಕಾರಿನ ಯಜಮಾನನೇ ಕೆಲವನ್ನು ತಿಳಿದಿರಬೇಕು. ಗ್ರೀಸು ಹಾಕುವಾಗ ಗಾಲಿಯನ್ನು ಜಾಕಿಯಿಂದ ಎತ್ತಿರಬೇಕು, ಕೆಳಗೆ ಭದ್ರವಾದ ಆಸರೆ ಕೊಟ್ಟಿರಬೇಕು. ಭಾರ ಕೂತಿರುವಾಗ ಒತ್ತಿದ ಮುಖಕ್ಕೆ ಜಿಡ್ಡು ಹೋಗದು. ಹಳೆಯ ಜಿಡ್ಡು ಹೊರಬಿದ್ದು ಹೊಸದು ಕಾಣುವವರೆಗೆ ತುಂಬಬೇಕು. ಎತ್ತಿದ ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ನೋಡಿ. ಅಲುಗಿದರೆ ಇನ್ನೊಬ್ಬರಿಂದ ಬ್ರೇಕು ಒತ್ತಿಸಿ ಮತ್ತೆ ಅಲ್ಲಾಡಿಸಿ. ಅಲುಗಾಟ ನಿಂತರೆ ದೋಷ ಗಾಲಿಯ ಬೇರಿಂಗಿನದು, ನಿಲ್ಲದಿದ್ದರೆ ಕೀಲಿನದು. ಎಡಕ್ಕೂ ಬಲಕ್ಕೂ ಹಿಡಿದಾಗ ಮಾತ್ರ ಅಲುಗಿದರೆ ಅಡ್ಡಸರಳಿನ ತುದಿಯನ್ನೂ ಹಲ್ಲಿನ ಪಟ್ಟಿಯನ್ನೂ ನೋಡಬೇಕು.

ಜಿಡ್ಡು ಒಳ್ಳೆಯದೆಂದು ಸಿಕ್ಕಿದ ಕಡೆಗೆಲ್ಲ ಬಳಿಯಬಾರದು. ಕಮಾನಿನ ಕಣ್ಣುಗಳಲ್ಲಿರುವ ರಬ್ಬರು ಬುಷ್ಷುಗಳಿಗೆ ಎಣ್ಣೆ ಬಿದ್ದರೆ ಅವು ಉಬ್ಬಿ ಕೊಳೆಯುತ್ತವೆ. ಹೊಸ ಬುಷ್ಷು ಹಾಕಿದ ಮೇಲೆ ಅದರ ಬೋಲ್ಟನ್ನು ಕಾರು ನೆಲಕ್ಕಿಳಿದು ತನ್ನ ಭಾರದ ಮೇಲೆ ನಿಂತ ಅನಂತರವೇ ಬಿಗಿಯಬೇಕು. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮುಂದಿನ ತಿರುಚು ಸರಳುಗಳನ್ನು ಬಿಚ್ಚುವುದಾದರೆ ಎಡ ಯಾವುದು, ಬಲ ಯಾವುದು ಎಂದು ಮೊದಲೇ ಗುರುತು ಹಾಕಿ. ವರ್ಷಗಟ್ಟಲೆ ಒಂದೇ ಕಡೆಗೆ ತಿರುಚಿದ ಉಕ್ಕನ್ನು ಇನ್ನೊಂದು ಕಡೆಗೆ ಹೂಡಿದರೆ ಅದು ಸೋಲುತ್ತದೆ, ಮುರಿಯಲೂಬಹುದು.