ಸ್ಪ್ರಿಂಗಿಗೆ ಗೊತ್ತಿರುವ ತೂಕ

ಸ್ಕೂಟರ್ ಓಡಿಸುವವರಿಗೆಲ್ಲ ಒಂದು ಸಂಗತಿ ಯಾರೂ ಹೇಳಿಕೊಡದೆ ಗೊತ್ತಿರುತ್ತೆ. ಒಬ್ಬರೇ ಹೋಗುವಾಗ ಬ್ರೇಕಿಗೆ ಎರಡು ಬೆರಳು ಸಾಕು. ಹಿಂದೆ ಒಬ್ಬರು ಕೂತು, ಮುಂದೆ ಕಾಲಿನ ಹತ್ತಿರ 25 ಕೆಜಿ ಅಕ್ಕಿ ಮೂಟೆ ಇದ್ದರೆ, ಸಿಗ್ನಲ್ ಇನ್ನೂ ದೂರ ಇರುವಾಗಲೇ ಕೈ ತಾನಾಗಿ ಬಿಗಿಯಾಗುತ್ತೆ. ಇವತ್ತು ಎಷ್ಟು ಭಾರ ಅಂತ ಯಾರೂ ತಕ್ಕಡಿ ಹಿಡಿದು ಹೇಳಿರಲ್ಲ. ಮೈಗೇ ಗೊತ್ತಾಗಿರುತ್ತೆ.

ಗೂಡ್ಸ್ ರೈಲಿನ ಡಬ್ಬಿಗೆ ಇಷ್ಟು ಗೊತ್ತಾಗೋದಕ್ಕೆ ಬಹಳ ಕಾಲ ಹಿಡಿಯಿತು. ರೈಲಿನ ಬ್ರೇಕಿನ ಚರಿತ್ರೆ ಓದುವಾಗ ನನ್ನನ್ನು ಹಿಡಿದು ಕೂರಿಸಿದ್ದು ಇದೇ. ರೈಲನ್ನು ನಿಲ್ಲಿಸುವ ಶಕ್ತಿ ಮನುಷ್ಯನಿಗೆ ಬೇಗ ಸಿಕ್ಕಿತು. ಯಾವ ಡಬ್ಬಿಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನೋ ವಿವೇಕ ಮಾತ್ರ ನಡುವೆ ಎಲ್ಲೋ ಕಳೆದುಹೋಗಿತ್ತು.

1860ರ ದಶಕದ ಅಮೆರಿಕಕ್ಕೆ ಹೋಗೋಣ. ಆಗ ಗೂಡ್ಸ್ ಗಾಡಿಯ ಬ್ರೇಕ್ ಅಂದರೆ ಮನುಷ್ಯರೇ. ಪ್ರತಿ ಡಬ್ಬಿಯ ಮೇಲೆ ತಿರುಗಿಸುವ ಒಂದು ಕಬ್ಬಿಣದ ಚಕ್ರ. ಎಂಜಿನ್ನಿನಿಂದ ಸೀಟಿ ಕೇಳಿಸಿದ ಕೂಡಲೇ ಬ್ರೇಕ್‌ಮನ್ ಅನ್ನೋ ಕೆಲಸಗಾರರು ಓಡುವ ರೈಲಿನ ಮಾಡಿನ ಮೇಲೆ, ಡಬ್ಬಿಯಿಂದ ಡಬ್ಬಿಗೆ ದಾಟಿ, ಒಂದೊಂದೇ ಚಕ್ರ ತಿರುಗಿಸಿ ಬಿಗಿ ಮಾಡಬೇಕು. ಮಳೆ ಇರಲಿ, ಹಿಮ ಇರಲಿ, ಅಮಾವಾಸ್ಯೆಯ ಕತ್ತಲಿರಲಿ. ಕಾಲು ಜಾರಿದರೆ ಎರಡು ಡಬ್ಬಿಗಳ ನಡುವೆ. ಎಷ್ಟೋ ಹುಡುಗರು ಹಾಗೆ ಸತ್ತರು, ಕೈಕಾಲು ಕಳೆದುಕೊಂಡರು.

ಆದರೆ ಆ ಕ್ರೂರ ವ್ಯವಸ್ಥೆಯಲ್ಲೂ ಒಂದು ಅನುಕೂಲ ಇತ್ತು. ಚಕ್ರ ತಿರುಗಿಸುತ್ತಿದ್ದದ್ದು ಒಂದು ಕೈ. ತುಂಬಿದ ಡಬ್ಬಿಯನ್ನು ಜಾಸ್ತಿ ಬಿಗಿದು, ಖಾಲಿ ಡಬ್ಬಿಯನ್ನು ಸ್ವಲ್ಪ ಸಡಿಲ ಬಿಡೋದು ಆ ಕೈಗೆ ಸಾಧ್ಯವಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಅನ್ನೋ 22 ವರ್ಷದ ಯುವಕ ಏರ್ ಬ್ರೇಕಿಗೆ ಪೇಟೆಂಟ್ ಪಡೆದ. ಎಂಜಿನ್ನಿನಲ್ಲಿ ಗಾಳಿ ಒತ್ತುವ ಪಂಪು, ಅಲ್ಲಿಂದ ರೈಲಿನುದ್ದಕ್ಕೂ ಒಂದು ಪೈಪು. ಡ್ರೈವರ್ ಗಾಳಿ ಬಿಟ್ಟರೆ ಎಲ್ಲ ಡಬ್ಬಿಗಳ ಬ್ರೇಕೂ ಹಿಡಿಯುತ್ತೆ. ತೊಂದರೆ ಏನಂದರೆ ಪೈಪು ಒಡೆದರೆ ಬ್ರೇಕೇ ಇಲ್ಲ. ಹಾಗಾಗಿ ಮೂರೇ ವರ್ಷದಲ್ಲಿ ಆತ ಇಡೀ ಯೋಚನೆಯನ್ನು ತಲೆಕೆಳಗು ಮಾಡಿದ. ಪ್ರತಿ ಡಬ್ಬಿಗೂ ತನ್ನದೇ ಒಂದು ಗಾಳಿಯ ಟ್ಯಾಂಕ್ ಕೊಟ್ಟ. ಪೈಪಿನಲ್ಲಿ ಒತ್ತಡ ಇರುವವರೆಗೆ ಬ್ರೇಕ್ ಬಿಟ್ಟಿರುತ್ತೆ, ಒತ್ತಡ ಇಳಿದರೆ ಟ್ಯಾಂಕಿನ ಗಾಳಿ ಸಿಲಿಂಡರಿಗೆ ನುಗ್ಗಿ ಬ್ರೇಕ್ ಹಿಡಿಯುತ್ತೆ. ಈಗ ಪೈಪು ಒಡೆದರೂ, ರೈಲು ಎರಡು ತುಂಡಾದರೂ, ಎರಡೂ ತುಂಡು ತಾವಾಗೇ ನಿಲ್ಲುತ್ತವೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಫೇಲ್-ಸೇಫ್ ಅಂತೀವಲ್ಲ, ಅದಕ್ಕೆ ಇದಕ್ಕಿಂತ ಚಂದದ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಂತ ಗೂಡ್ಸ್ ಗಾಡಿಗಳಿಗೆ ಇದು ಮಾರನೇ ದಿನವೇ ಬರಲಿಲ್ಲ. ಪ್ರಯಾಣಿಕರ ರೈಲಿಗೆ ಹಾಕಿದ ಕಂಪನಿಗಳು ಗೂಡ್ಸಿಗೆ ಹಾಕೋಕೆ ಖರ್ಚು ನೋಡಿದವು. ಉದ್ದನೆಯ ಗಾಡಿಯಲ್ಲಿ ನಿಜವಾದ ತೊಡಕೂ ಇತ್ತು. 1886 ಮತ್ತು 1887ರಲ್ಲಿ ಅಯೋವಾದ ಬರ್ಲಿಂಗ್ಟನ್ ಹತ್ತಿರ 50 ಡಬ್ಬಿಗಳ ರೈಲುಗಳ ಮೇಲೆ ಪರೀಕ್ಷೆ ನಡೆದಾಗ, ಮುಂದಿನ ಡಬ್ಬಿಗಳ ಬ್ರೇಕ್ ಮೊದಲು ಹಿಡಿದು, ಹಿಂದಿನವು ಬಂದು ಗುದ್ದಿದವು. ವೆಸ್ಟಿಂಗ್‌ಹೌಸ್ ವಾಲ್ವನ್ನು ತಿದ್ದಿ ಅದನ್ನೂ ಸರಿಮಾಡಿದ. ಇತ್ತ ಅಯೋವಾದ ಒಬ್ಬ ರೈತ, ಲೊರೆಂಜೊ ಕಾಫಿನ್, ಬ್ರೇಕ್‌ಮನ್‌ಗಳ ಪ್ರಾಣ ಉಳಿಸಿ ಅಂತ ವರ್ಷಗಟ್ಟಲೆ ಹೋರಾಡಿದ. ಕೊನೆಗೆ 1893ರಲ್ಲಿ ಕಾನೂನು ಬಂತು. ಮಾಡಿನ ಮೇಲಿನ ಆ ಓಟ ನಿಧಾನವಾಗಿ ನಿಂತಿತು.

ನಾನು ನೆನಪಿಟ್ಟುಕೊಳ್ಳಿ ಅಂದಿದ್ದ ವಿಷಯ ಈಗ ಬರುತ್ತೆ. ಗಾಳಿ ಸಾವಿರಾರು ಜನರನ್ನು ಮಾಡಿನಿಂದ ಕೆಳಗಿಳಿಸಿತು ಸರಿ, ಆದರೆ ಗಾಳಿಗೆ ಕೈಯ ವಿವೇಕ ಇರಲಿಲ್ಲ. ಪೈಪಿನಲ್ಲಿ ಹೋಗುವ ಅಪ್ಪಣೆ ಒಂದೇ. ಅದು ಖಾಲಿ ಡಬ್ಬಿಗೂ ಅದೇ, ತುಂಬಿದ ಡಬ್ಬಿಗೂ ಅದೇ.

ಅದರಿಂದೇನಾಯ್ತು ಅಂತೀರಾ? ಲೆಕ್ಕಕ್ಕೆ ನಮ್ಮದೇ ಡಬ್ಬಿ ತಗೊಳ್ಳಿ. ಬಳ್ಳಾರಿ, ಹೊಸಪೇಟೆ ಕಡೆ ಅದಿರು ಹೊತ್ತು ಸಾಗುವ ಮೇಲೆ ತೆರೆದ ವ್ಯಾಗನ್ ನೋಡಿರ್ತೀರಿ, ಮೈಮೇಲೆ ಬಾಕ್ಸ್‌ಎನ್ ಅಂತ ಬರೆದಿರುತ್ತೆ. ಅದರ ಮೂಲ ವಿನ್ಯಾಸದಲ್ಲಿ ಖಾಲಿ ತೂಕ 22.47 ಟನ್. ತುಂಬಿದರೆ 81.28 ಟನ್. ಅಂಥ 58 ವ್ಯಾಗನ್ ಸೇರಿದ ರೇಕ್ ಖಾಲಿ ಇದ್ದಾಗ ಸುಮಾರು 1,300 ಟನ್, ತುಂಬಿದಾಗ 4,700 ಟನ್. ಅದೇ ರೈಲು, ಅದೇ ಚಕ್ರಗಳು, ತೂಕ ಮಾತ್ರ ಮೂರೂವರೆ ಪಟ್ಟು.

ಚಕ್ರ ಹಳಿಯನ್ನು ಹಿಡಿಯೋದು ತನ್ನ ಮೇಲಿರುವ ಭಾರದ ಬಲದಿಂದ. ತುಂಬಿದ ಡಬ್ಬಿಗೆ ಬೇಕಾದಷ್ಟು ಬ್ರೇಕನ್ನು ಖಾಲಿ ಡಬ್ಬಿಗೆ ಹಾಕಿದರೆ ಚಕ್ರ ತಿರುಗೋದನ್ನೇ ನಿಲ್ಲಿಸಿ ಹಳಿಯ ಮೇಲೆ ಜಾರುತ್ತೆ. ಜಾರುವ ಚಕ್ರ ತಿರುಗುವ ಚಕ್ರದಷ್ಟು ಚೆನ್ನಾಗಿ ನಿಲ್ಲಲ್ಲ. ಜೊತೆಗೆ ಉಜ್ಜಿದ ಜಾಗ ಚಪ್ಪಟೆಯಾಗುತ್ತೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಗೂಡ್ಸ್ ಗಾಡಿಯ ಯಾವುದೋ ಒಂದು ಡಬ್ಬಿ ಮಾತ್ರ ಧಡ್ ಧಡ್ ಅಂತ ಹಳಿ ಕುಟ್ಟುತ್ತಾ ಹೋಗಿದ್ದು ಕೇಳಿದ್ದೀರಾ? ಚಪ್ಪಟೆಯಾದ ಚಕ್ರದ ಸದ್ದು ಅದು. ಪ್ರತಿ ಸುತ್ತಿಗೂ ಹಳಿಗೆ ಒಂದು ಸುತ್ತಿಗೆ ಏಟು. ಖಾಲಿ ಡಬ್ಬಿ ಜಾರಬಾರದು ಅಂತ ಬ್ರೇಕನ್ನು ಮೆತ್ತಗೆ ಮಾಡಿದರೆ, ತುಂಬಿದ ಡಬ್ಬಿ ಇಳಿಜಾರಿನಲ್ಲಿ ನಿಲ್ಲಲ್ಲ. ಹಾಗಾಗಿ ಎಂಜಿನಿಯರುಗಳು ಬಹಳ ಕಾಲ ರಾಜಿ ಮಾಡಿಕೊಂಡರು. ಖಾಲಿ ಡಬ್ಬಿ ಜಾರದಷ್ಟು ಬ್ರೇಕ್ ಕೊಟ್ಟು, ತುಂಬಿದ ಡಬ್ಬಿಗೆ ಇಷ್ಟೇ ಸಾಕು ಮಾಡ್ಕೋ ಅಂದರು.

ಈ ರಾಜಿಗೆ ಮೊದಲ ಪರಿಹಾರ ಒಂದು ಹ್ಯಾಂಡಲ್. ಖಾಲಿ ಅನ್ನೋ ಕಡೆ ಒಂದು ಗುರುತು, ತುಂಬಿದೆ ಅನ್ನೋ ಕಡೆ ಇನ್ನೊಂದು. ನಮ್ಮ ಬಾಕ್ಸ್‌ಎನ್‌ನಲ್ಲೂ ಬಂದದ್ದು ಇದೇ. ಹ್ಯಾಂಡಲ್ ತಿರುಗಿಸಿದರೆ ಸನ್ನೆಗಳ ಅಳತೆ ಬದಲಾಗಿ ಬ್ರೇಕ್ ಷೂ ಚಕ್ರವನ್ನು ಒತ್ತುವ ಬಲ ಬದಲಾಗುತ್ತೆ. ಒಳ್ಳೆಯ ಉಪಾಯವೇ. ಆದರೆ 58 ವ್ಯಾಗನ್ ತುಂಬಿದ ಮೇಲೆ 58 ಹ್ಯಾಂಡಲನ್ನೂ ಯಾರೋ ತಿರುಗಿಸಬೇಕು, ಖಾಲಿಯಾದ ಮೇಲೆ ಮತ್ತೆ ತಿರುಗಿಸಬೇಕು. ಧೂಳಿನಲ್ಲಿ, ಬಿಸಿಲಲ್ಲಿ, ರಾತ್ರಿ ಪಾಳಿಯಲ್ಲಿ. ಒಂದೆರಡು ಮರೆತರೆ ರೈಲು ಹೊರಡದೇ ಇರಲ್ಲ. ಮರೆತದ್ದು ಗೊತ್ತಾಗೋದು ಆಮೇಲೆ.

ಹ್ಯಾಂಡಲ್ ಮನುಷ್ಯನ ನೆನಪನ್ನು ನಂಬುತ್ತೆ. ಕಾಗದವನ್ನು ನಂಬಿದರೆ ಏನಾಗುತ್ತೆ ಅನ್ನೋದಕ್ಕೆ 1989ರ ಮೇ 12 ಸಾಕ್ಷಿ. ಕ್ಯಾಲಿಫೋರ್ನಿಯಾದ ಮೊಜಾವೆ ಕಡೆಯಿಂದ 69 ಡಬ್ಬಿಗಳ ಸದರ್ನ್ ಪೆಸಿಫಿಕ್ ರೈಲು ಟ್ರೋನಾ ಅನ್ನೋ ಖನಿಜ ಹೊತ್ತು ಬಂದರಿನ ಕಡೆ ಹೊರಟಿತ್ತು. ಸರಕಿನ ಪತ್ರದಲ್ಲಿ ತೂಕದ ಜಾಗ ಖಾಲಿ ಬಿಟ್ಟಿದ್ದರು. ಕಂಪನಿಯ ಗುಮಾಸ್ತರೊಬ್ಬರು ಅಂದಾಜಿನ ಮೇಲೆ ಡಬ್ಬಿಗೆ 60 ಟನ್ ಅಂತ ತುಂಬಿದರು. ಡಬ್ಬಿಗಳಲ್ಲಿ ಇದ್ದದ್ದು 100 ಟನ್. ರೈಲಿನ ಒಟ್ಟು ತೂಕ ಸುಮಾರು 6,150 ಟನ್ ಅಂತ ಸಿಬ್ಬಂದಿ ತಿಳಿದಿದ್ದರು. ನಿಜವಾದ ತೂಕ ಸುಮಾರು 9,000. ಇದರ ಮೇಲೆ, ಕೆಲವು ಎಂಜಿನ್ನುಗಳ ಡೈನಮಿಕ್ ಬ್ರೇಕ್ ಕೆಲಸ ಮಾಡುತ್ತಿರಲಿಲ್ಲ.

ಕೆಜಾನ್ ಕಣಿವೆಯ ಇಳಿಜಾರಿನಲ್ಲಿ ಗಂಟೆಗೆ 30 ಮೈಲಿ ಮೀರಬಾರದಿದ್ದ ಆ ರೈಲು 100 ಮೈಲಿ ದಾಟಿತು. ಸ್ಯಾನ್ ಬರ್ನಾರ್ಡಿನೋದ ಡಫಿ ಸ್ಟ್ರೀಟ್ ಹತ್ತಿರದ ತಿರುವಿನಲ್ಲಿ ಹಳಿ ಬಿಟ್ಟು ಮನೆಗಳ ಮೇಲೆ ಬಿತ್ತು. ರೈಲಿನ ಇಬ್ಬರು ಸಿಬ್ಬಂದಿ ಸತ್ತರು. ಅವರಲ್ಲಿ ಒಬ್ಬರ ಹುದ್ದೆಯ ಹೆಸರು ಆಗಲೂ ಬ್ರೇಕ್‌ಮನ್ ಅಂತಲೇ ಇತ್ತು. ಮನೆಯೊಳಗಿದ್ದ ಇಬ್ಬರು ಚಿಕ್ಕ ಹುಡುಗರೂ ಸತ್ತರು. 13 ದಿನ ಬಿಟ್ಟು ಅದೇ ಜಾಗದಲ್ಲಿ ನೆಲದಡಿಯ ಪೆಟ್ರೋಲ್ ಪೈಪು ಒಡೆದು ಬೆಂಕಿ ಹತ್ತಿ ಇನ್ನಿಬ್ಬರು. ಫಾರಂನಲ್ಲಿ ಒಂದು ಕಾಲಂ ಖಾಲಿ ಇದ್ದರೆ ಏನೋ ಒಂದು ತುಂಬಿ ಮುಂದಕ್ಕೆ ತಳ್ಳುವ ಅಭ್ಯಾಸ ನಮ್ಮ ಆಫೀಸುಗಳಲ್ಲೂ ಇದೆ. ಈ ಕಥೆ ಓದಿದ ಮೇಲೆ ನನಗೆ ಅದು ಸಣ್ಣ ವಿಷಯ ಅನ್ನಿಸಿಲ್ಲ.

ಹಾಗಾದರೆ ತೂಕದ ಬಗ್ಗೆ ಯಾರನ್ನು ನಂಬೋದು? ಉತ್ತರ ಡಬ್ಬಿಯ ಕೆಳಗೇ ಇತ್ತು. ಭಾರ ಬಿದ್ದರೆ ಸ್ಪ್ರಿಂಗ್ ಕುಗ್ಗುತ್ತೆ, ಇಳಿದರೆ ಹಿಗ್ಗುತ್ತೆ. ಲೋಡ್ ಸೆನ್ಸಿಂಗ್ ಸಾಧನ ಓದೋದು ಇದನ್ನೇ. ಡಬ್ಬಿಯ ಮೈಗೂ ಚಕ್ರದ ಚೌಕಟ್ಟಿಗೂ ನಡುವಿನ ಅಂತರವನ್ನು ಒಂದು ಪುಟ್ಟ ತೋಳು ಮುಟ್ಟಿ ನೋಡುತ್ತೆ. ಅಂತರ ಜಾಸ್ತಿ ಇದ್ದರೆ ಡಬ್ಬಿ ಖಾಲಿ, ಸಿಲಿಂಡರಿಗೆ ಕಡಿಮೆ ಗಾಳಿ. ಅಂತರ ಕುಗ್ಗಿದ್ದರೆ ತುಂಬಿದೆ, ಪೂರ್ತಿ ಗಾಳಿ. ಹಗುರ ಮೈಯ ನಮ್ಮ ಬಾಕ್ಸ್‌ಎನ್‌ಎಚ್‌ಎಲ್ ವ್ಯಾಗನ್ನಿನಲ್ಲಿ ಇದೇ ಇದೆ. ಖಾಲಿ ಇದ್ದಾಗ ಚದರ ಸೆಂಟಿಮೀಟರಿಗೆ ಸುಮಾರು 2.2 ಕೆಜಿ ಒತ್ತಡ, ತುಂಬಿದಾಗ 3.8. ಯಾರೂ ಹ್ಯಾಂಡಲ್ ತಿರುಗಿಸಬೇಕಿಲ್ಲ. ಖಾಲಿ, ತುಂಬಿದ ಡಬ್ಬಿಗಳು ಒಂದೇ ರೈಲಿನಲ್ಲಿ ಬೆರೆತಿದ್ದರೂ ಪೈಪಿನ ಒಂದೇ ಅಪ್ಪಣೆಗೆ ಪ್ರತಿ ಡಬ್ಬಿಯೂ ತನ್ನ ಭಾರಕ್ಕೆ ತಕ್ಕ ಹಾಗೆ ಉತ್ತರ ಕೊಡುತ್ತೆ. ಮಾಡಿನ ಮೇಲಿದ್ದ ಆ ಕೈಯ ವಿವೇಕ ವಾಪಸ್ ಬಂತು. ಈ ಸಲ ಯಾರ ಜೀವವನ್ನೂ ಒತ್ತೆ ಇಡದೆ.

ಇದಿದ್ದಿದ್ದರೆ ಡಫಿ ಸ್ಟ್ರೀಟ್ ದುರಂತ ತಪ್ಪುತ್ತಿತ್ತು ಅಂತ ನಾನು ಹೇಳಲ್ಲ. ಒಟ್ಟು ತೂಕವೇ ಗೊತ್ತಿಲ್ಲದೆ ವೇಗ ನಿರ್ಧರಿಸಿದರೆ, ಎಂಜಿನ್ನುಗಳೇ ಕೈಕೊಟ್ಟರೆ, ಡಬ್ಬಿಯೊಂದರ ಜಾಣತನಕ್ಕೆ ಮಿತಿ ಇದೆ. ಕೆಜಾನ್ ಇಳಿಜಾರು ಹೆಚ್ಚುಕಡಿಮೆ 45 ಅಡಿಗೆ ಒಂದು ಅಡಿ. ಕ್ಯಾಸಲ್‌ರಾಕ್‌ನಿಂದ ಕುಳೆಮ್ಮಿಗೆ ಇಳಿಯುವ ನಮ್ಮ ಬ್ರಗಾಂಜಾ ಘಾಟ್ 37ಕ್ಕೆ ಒಂದು, ಅದಕ್ಕಿಂತ ಕಡಿದು. ದೂಧಸಾಗರ ನೋಡೋಕೆ ಹೋದಾಗ ಫೋಟೋ ತೆಗೆಯುತ್ತೀವಲ್ಲ, ಅದೇ ದಾರಿ. ಹೊಸಪೇಟೆ ಸೀಮೆಯ ಅದಿರು ಮರ್ಮಗೋವಾ ಬಂದರಿಗೆ ಇಳಿದದ್ದು ಅಲ್ಲೇ. ಅಂಥ ಕಡೆ ತೂಕ ಅನ್ನೋದು ಬರೀ ಕಾಗದದ ಅಂಕಿ ಅಲ್ಲ.

ಆ ತೋಳೂ ಬಾಗಬಹುದು, ಧೂಳು ಕಚ್ಚಿ ಹಿಡಿದುಕೊಳ್ಳಬಹುದು, ಸ್ಪ್ರಿಂಗ್ ಸೋಲಬಹುದು. ಆಗ ತುಂಬಿದ ಡಬ್ಬಿ ತಾನು ಖಾಲಿ ಅಂದುಕೊಳ್ಳಬಹುದು, ಇಲ್ಲವೇ ಖಾಲಿ ಡಬ್ಬಿ ತಾನು ತುಂಬಿದೆ ಅಂದುಕೊಳ್ಳಬಹುದು. ಹಾಗಾಗಿ ಯಾವುದೋ ಯಾರ್ಡಿನಲ್ಲಿ ಒಬ್ಬರು ಈಗಲೂ ವ್ಯಾಗನ್ನಿನ ಕೆಳಗೆ ಬಗ್ಗಿ, ಟಾರ್ಚ್ ಹಾಕಿ, ಅಂತರ ಅಳೆದು ನೋಡಬೇಕು. ಬ್ರೇಕ್‌ಮನ್ ಮಾಡಿನಿಂದ ಇಳಿದ, ಆದರೆ ಕೆಲಸ ಬಿಟ್ಟು ಹೋಗಿಲ್ಲ. ಅವರು ಸರಿಯಾಗಿ ನೋಡಿದ ದಿನ ಎಲ್ಲೂ ಏನೂ ಆಗಿರಲ್ಲ, ಹಾಗಾಗಿ ನಮಗೆ ಸುದ್ದಿಯೂ ಬರಲ್ಲ.